ಕಲಬುರಗಿಯಿಂದ ಕಡಲ ದಂಡೆಗೆ: ಮೊದಲ ಸಲ ಬೀಚ್ ರಿಸಾರ್ಟಿಗೆ ಹೊರಟ ಮನೆಮಂದಿಗೆ

ನಮ್ಮ ಆಯಿ ಮೊದಲ ಸಲ ಸಮುದ್ರ ನೋಡಿದ್ದು ಎಪ್ಪತ್ತು ದಾಟಿದ ಮೇಲೆ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ಮುಟ್ಟಿಸಿಕೊಂಡಳು. ನನ್ನ ಕಡೆ ತಿರುಗಿ, "ಇದರ ಆಚಿ ದಂಡಿ ಎಲ್ಲದ?" ಅಂತ ಕೇಳಿದಳು. ಭೀಮಾ ನದಿಯ ದಂಡೆಯಲ್ಲಿ ಹುಟ್ಟಿ ಬೆಳೆದವಳು. ನೀರು ಅಂದ ಮೇಲೆ ಆಚೆ ದಂಡೆ ಇರಲೇಬೇಕು ಅವಳ ಲೆಕ್ಕದಲ್ಲಿ.

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಕಡಲು ದೂರದ ಮಾತು. ಹೋದರೂ ಏನು ಮಾಡುತ್ತೇವೆ? ಎರಡು ದಿನದಲ್ಲಿ ಗೋಕರ್ಣ, ಮುರುಡೇಶ್ವರ, ಉಡುಪಿ, ಧರ್ಮಸ್ಥಳ ಎಲ್ಲ ಮುಗಿಸಿ ಬರುತ್ತೇವೆ. ಸಮುದ್ರದ ಮುಂದೆ ಅರ್ಧ ತಾಸು, ನಾಲ್ಕು ಫೋಟೊ, ಅಷ್ಟೇ. ನನ್ನ ಸಲಹೆ ಬೇರೆ. ಒಂದೇ ದಂಡೆ ಆರಿಸಿಕೊಳ್ಳಿ, ಅಲ್ಲಿ ಮೂರು ರಾತ್ರಿ ಇರಿ. ದಿನದ ಲೆಕ್ಕವನ್ನು ಗಡಿಯಾರಕ್ಕೆ ಬಿಡಬೇಡಿ, ಉಬ್ಬರ-ಇಳಿತಕ್ಕೆ ಬಿಡಿ. ಹಾಗೆ ಇರುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ತಿಂಗಳು ಗೊತ್ತು ಮಾಡಿ

ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಸಮುದ್ರ ಶಾಂತವಾಗಿರುತ್ತದೆ, ಬಿಸಿಲು ತಡೆದುಕೊಳ್ಳಬಹುದು. ನಮ್ಮ ಕಡೆಯವರಿಗೆ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಮುಗಿಸಿ ಹೊರಡುವುದು ತುಂಬಾ ಚೆನ್ನಾಗಿ ಹೊಂದುತ್ತದೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ಕಡುಬು ಉಂಡು, ಉಳಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊರಟುಬಿಡಿ.

ಶಾಲೆ ರಜೆ ಅಂತ ಏಪ್ರಿಲ್-ಮೇನಲ್ಲೇ ಹೋಗಬೇಕಾದರೆ ಒಂದು ವಿಷಯ ತಿಳಿದಿರಲಿ. ನಮ್ಮಲ್ಲಿ 42 ಡಿಗ್ರಿ ಇದ್ದರೂ ಬೆವರು ಕೂಡಲೇ ಆರುತ್ತದೆ. ಅಲ್ಲಿ 34 ಡಿಗ್ರಿಯಲ್ಲೇ ಬೆವರು ಇಳಿಯುತ್ತಲೇ ಇರುತ್ತದೆ, ಆರುವುದಿಲ್ಲ. ನೆತ್ತಿಯ ಬಿಸಿಲಿಗೆ ಹೆದರದ ನಮ್ಮ ಮಂದಿ ಅಲ್ಲಿ ಸೆಕೆಗೆ ಸುಸ್ತಾಗುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಸಮುದ್ರಕ್ಕೆ ಇಳಿಯಲು ಬಿಡುವುದಿಲ್ಲ, ದೋಣಿ ಆಟಗಳೂ ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧ. ದಾರಿಯೂ ನಂಬುವಂತಿರುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಜೀವ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು.

ಯಾವ ದಂಡೆ?

ನಮಗೆ ಹತ್ತಿರ ಉತ್ತರ ಕನ್ನಡ. ಅಲ್ಲಿ ಬೀಚುಗಳು ಬೇಕಾದಷ್ಟಿವೆ, ಆದರೆ ಜೊತೆಗೆ ಯಾರು ಬರುತ್ತಾರೆ ಅನ್ನುವುದರ ಮೇಲೆ ಆರಿಸಿ.

ಹಿರಿಯರು, ಸಣ್ಣ ಮಕ್ಕಳು ಇದ್ದರೆ ಹೊನ್ನಾವರದ ಪಕ್ಕದ ಕಾಸರಕೋಡು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಬಟ್ಟೆ ಬದಲಿಸುವ ಕೋಣೆ, ಸ್ನಾನಕ್ಕೆ ಸಿಹಿನೀರು, ಶೌಚಾಲಯ ಎಲ್ಲ ಇವೆ. ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಒದ್ದೆ ಬಟ್ಟೆಯಲ್ಲಿ ಬಸ್ ಹತ್ತಿದವರಿಗೆ ಗೊತ್ತು.

ನಡೆಯುವ ಕಾಲಿದ್ದವರಿಗೆ ಗೋಕರ್ಣ. ಊರ ಮುಂದಿನ ದೊಡ್ಡ ಬೀಚ್ ಬಿಟ್ಟು ದಕ್ಷಿಣಕ್ಕೆ ಹೋದರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಒಂದರ ಹಿಂದೆ ಒಂದು. ನಡುವೆ ಗುಡ್ಡದ ಕಾಲುದಾರಿ. ಕುಡ್ಲೆಯಿಂದ ಓಂ ಬೀಚಿಗೆ ಅರ್ಧ ತಾಸಿನ ನಡಿಗೆ. ಗುಡ್ಡದ ಮೇಲಿಂದ ನೋಡಿದರೆ ಓಂ ಅಕ್ಷರದ ಎರಡು ಬಾಗು ಕಾಣುತ್ತವೆ.

ದೇವಸ್ಥಾನ, ಸಮುದ್ರ, ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದು) ಮೂರೂ ಒಂದೇ ಕಡೆ ಬೇಕು ಅಂದರೆ ಮುರುಡೇಶ್ವರ. ಗದ್ದಲ ಬೇಡ ಅಂದರೆ ಕಾರವಾರದ ದೇವಬಾಗ. ಕಾಳಿ ನದಿ ಕಡಲು ಸೇರುವ ಜಾಗ ಅದು, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನ ರಿಸಾರ್ಟ್ ಅಲ್ಲಿದೆ.

ರೂಮ್ ಬುಕ್ ಮಾಡುವಾಗ ಕೇಳಬೇಕಾದ ಮಾತು

ಒಂದು ಸಲ ನಾನೇ ಮೋಸ ಹೋಗಿದ್ದೇನೆ. "ಸೀ ವ್ಯೂ" ಅಂತ ಹಣ ಕಟ್ಟಿದ್ದೆ. ಹೋಗಿ ನೋಡಿದರೆ ಸಮುದ್ರ ಕಾಣುತ್ತಿದ್ದದ್ದು ತಾರಸಿಯಿಂದ, ಅದೂ ತೆಂಗಿನ ಗರಿಗಳ ಸಂದಿಯಲ್ಲಿ. ದಂಡೆಗೆ ಇಳಿಯಲು ನೂರಕ್ಕೂ ಹೆಚ್ಚು ಮೆಟ್ಟಿಲು. ಅತ್ತೆಗೆ ಮೊಣಕಾಲು ನೋವು. ಮೂರು ದಿನದಲ್ಲಿ ಅವರು ಇಳಿದದ್ದು ಒಂದೇ ಸಲ.

ಅದಕ್ಕೇ ಬುಕ್ ಮಾಡುವ ಮುಂಚೆ ಫೋನ್ ಮಾಡಿ ನೇರವಾಗಿ ಕೇಳಿ: ರೂಮಿನ ಬಾಗಿಲಿನಿಂದ ಮರಳಿಗೆ ಎಷ್ಟು ಹೆಜ್ಜೆ? ಮೆಟ್ಟಿಲು ಎಷ್ಟು? ಗಾಡಿ ಬಾಗಿಲವರೆಗೆ ಬರುತ್ತಾ? ಬಿಸಿನೀರು ಯಾವ ಹೊತ್ತಿಗೆ? ಕರೆಂಟ್ ಹೋದರೆ ಜನರೇಟರ್ ಫ್ಯಾನಿಗಷ್ಟೇನಾ, ಎಸಿಗೂ ಉಂಟಾ? ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯಾ? ಶನಿವಾರ-ಭಾನುವಾರದ ಬಾಡಿಗೆ ಜಾಸ್ತಿ, ಹೊಸ ವರ್ಷದ ವಾರವಂತೂ ಕೇಳಬೇಡಿ. ಸೋಮವಾರ ತಲುಪಿ ಗುರುವಾರ ಬಿಡುವ ಹಾಗೆ ಹೊಂದಿಸಿದರೆ ದುಡ್ಡೂ ಉಳಿಯುತ್ತದೆ, ದಂಡೆಯೂ ಖಾಲಿ ಇರುತ್ತದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ನಂಬರಿಗೆ ಪೂರ್ತಿ ಹಣ ಮುಂಗಡ ಕಳಿಸಬೇಡಿ.

ದಾರಿ

ಕಾರಿನಲ್ಲಿ ಹೋಗುವವರಿಗೆ ದಾರಿ ತುಂಬಾ ಸರಳ. ಬೀದರ್, ಹುಮನಾಬಾದ್, ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ: ಇಷ್ಟೂ ರಾಷ್ಟ್ರೀಯ ಹೆದ್ದಾರಿ 50. ವಿಜಯಪುರದಲ್ಲಿ ಹೆದ್ದಾರಿ 52 ಹಿಡಿದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾದಲ್ಲಿ ಅದು ಮುಗಿಯುವುದೇ ಕಡಲ ಬಳಿ. ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ 66. ಕಲಬುರಗಿಯಿಂದ ಗೋಕರ್ಣಕ್ಕೆ ಒಟ್ಟು ಸುಮಾರು 500 ಕಿಲೋಮೀಟರ್. ಯಾದಗಿರಿಯವರು ಶಹಾಪುರ, ಜೇವರ್ಗಿ ಮೇಲೆ ಬಂದು ಇದೇ ದಾರಿ ಸೇರಬಹುದು.

ಬಸ್ಸಿನವರು ರಾತ್ರಿ ಹುಬ್ಬಳ್ಳಿಗೆ ಹೊರಟು, ಬೆಳಿಗ್ಗೆ ಅಲ್ಲಿಂದ ಅಂಕೋಲಾ ಅಥವಾ ಕುಮಟಾ ಬಸ್ ಹಿಡಿಯಿರಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಎಸಿ, ಸ್ಲೀಪರ್, ರಾಜಹಂಸಕ್ಕೆ ಅದು ಅನ್ವಯಿಸುವುದಿಲ್ಲ. ಆಧಾರ್ ಕಾರ್ಡ್ ಕೈಯಲ್ಲಿರಲಿ.

ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ನಮ್ಮ ಬಯಲಿನ ನೇರ ರಸ್ತೆಗೆ ಒಗ್ಗಿದ ಹೊಟ್ಟೆಗೆ ಆ ತಿರುವುಗಳು ಕಷ್ಟ. ಘಟ್ಟಕ್ಕೆ ಮುಂಚೆ ಹೊಟ್ಟೆ ತುಂಬಾ ತಿನ್ನಬೇಡಿ. ಮಕ್ಕಳ ಕೈಗೆ ಒಂದು ನಿಂಬೆಹಣ್ಣು ಕೊಟ್ಟಿರಿ.

ಚೀಲದಲ್ಲಿ ಏನಿರಬೇಕು

ತೆಳ್ಳನೆ ಹತ್ತಿ ಬಟ್ಟೆ, ದಿನಕ್ಕೆ ಎರಡು ಜೊತೆ. ಅಲ್ಲಿ ಒಗೆದದ್ದು ಒಂದೇ ದಿನಕ್ಕೆ ಒಣಗುವುದಿಲ್ಲ. ನೀರಿಗಿಳಿಯುವ ಹೆಣ್ಣುಮಕ್ಕಳಿಗೆ ಕೈಮುಗಿದು ಹೇಳುತ್ತೇನೆ, ಸೀರೆ, ನೈಟಿ, ಉದ್ದ ದುಪಟ್ಟಾ ಬೇಡ. ನೆನೆದರೆ ಕಲ್ಲಿನ ಹಾಗೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಲೆಗ್ಗಿಂಗ್ಸ್, ಮೇಲೊಂದು ಟೀ ಶರ್ಟ್ ಸಾಕು. ತಾಳಿ ಸರ, ಉಂಗುರ ರೂಮಿನಲ್ಲೇ ಇರಲಿ. ಒದ್ದೆ ಬೆರಳಿನಿಂದ ಉಂಗುರ ಜಾರುವುದು ಗೊತ್ತೇ ಆಗುವುದಿಲ್ಲ, ಮರಳಿಗೆ ಬಿದ್ದದ್ದು ಸಿಗುವುದೂ ಇಲ್ಲ.

ಸನ್‌ಸ್ಕ್ರೀನ್, ಟೋಪಿ, ಫೋನಿಗೆ ಪ್ಲಾಸ್ಟಿಕ್ ಚೀಲ, ಓಆರ್‌ಎಸ್ ಪೊಟ್ಟಣ. ಜೊತೆಗೆ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಮೂರನೇ ದಿನ ಅನ್ನ ಉಂಡು ಬೇಸತ್ತ ಅಪ್ಪನ ಮುಖ ಅರಳುವುದು ಇದನ್ನು ಬಿಚ್ಚಿದಾಗಲೇ. ಆದರೆ ಡಬ್ಬಿಯ ಮುಚ್ಚಳ ಬಿಗಿ ಇರಲಿ. ಆ ಗಾಳಿಗೆ ಕಡಕ್ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗಿಬಿಡುತ್ತದೆ.

ಮೊದಲ ಸಂಜೆ ಕಾಲು ಮಾತ್ರ

ತಲುಪಿದ ದಿನ ನೀರಿಗೆ ಹಾರಬೇಡಿ. ದಂಡೆಯ ಮೇಲೆ ಕೂತು ನೋಡಿ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ನೀರಿಗೆ ಇಳಿಯುತ್ತಾನೆ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರೆ ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಕೆರೆದು ಒಯ್ಯುತ್ತದೆ. ನಿಂತಲ್ಲೇ ನೀವು ಕೆಳಗೆ ಹೋಗುತ್ತಿರುತ್ತೀರಿ. ಮಕ್ಕಳು ಇದಕ್ಕೆ ಕಿರುಚಿ ನಗುತ್ತಾರೆ. ಸಮುದ್ರದ ಎಳೆತ ಎಷ್ಟು ಅಂತ ಮೊದಲ ಪಾಠವೂ ಅದೇ.

ಆವತ್ತೇ ರಿಸಾರ್ಟಿನವರ ಹತ್ತಿರ ನಾಳೆಯ ಉಬ್ಬರ-ಇಳಿತದ ಹೊತ್ತು ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿಯವರು ಉಬ್ಬರಕ್ಕೆ ಭರತ ಅನ್ನುವುದೂ ಉಂಟು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ನಡುವೆ ಸುಮಾರು ಆರು ತಾಸು. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಎಳ್ಳಮಾಸಿ ಮುಗಿಸಿ ಹೋದವರಿಗೆ ಇಳಿತದಲ್ಲಿ ಅಗಲವಾದ ದಂಡೆ ಸಿಗುತ್ತದೆ. ಎಳೆತವೂ ಜೋರಿರುತ್ತದೆ, ಅದು ನೆನಪಿರಲಿ.

ನೀರಿಗಿಳಿಯುವ ಮುಂಚೆ ಇದನ್ನು ಓದಿ

ಈ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ನಮ್ಮ ಕಡೆಯ ಹುಡುಗರಿಗೆ ಈಜು ಬರುತ್ತದೆ. ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಕಲಿತವರು, ಭೀಮೆಯಲ್ಲಿ, ಕೃಷ್ಣೆಯಲ್ಲಿ ಆಡಿ ಬೆಳೆದವರು. ಆ ಧೈರ್ಯವೇ ಕಡಲಲ್ಲಿ ಅಪಾಯ. ಬಾವಿಯಲ್ಲಿ ನೀರು ನಿಂತಿರುತ್ತದೆ. ಹೊಳೆಯಲ್ಲಿ ಒಂದೇ ಕಡೆ ಹರಿಯುತ್ತದೆ. ಸಮುದ್ರದಲ್ಲಿ ನೀರು ಬರುತ್ತದೆ, ಹೋಗುತ್ತದೆ, ಪಕ್ಕಕ್ಕೂ ಎಳೆಯುತ್ತದೆ.

ಅಲೆಗಳು ದಂಡೆಗೆ ತಂದು ಸುರಿದ ನೀರು ಹೇಗಾದರೂ ಹಿಂದೆ ಹೋಗಬೇಕಲ್ವಾ? ಅದು ಕೆಲವು ಕಡೆ ಕಾಲುವೆಯ ಹಾಗೆ ಇಕ್ಕಟ್ಟಾದ ದಾರಿ ಮಾಡಿಕೊಂಡು ಜೋರಾಗಿ ಸಮುದ್ರದ ಒಳಗೆ ಹರಿಯುತ್ತದೆ. ಎಡಕ್ಕೂ ಬಲಕ್ಕೂ ಬಿಳಿ ನೊರೆಯ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಇಲ್ಲದೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅದೇ ಆ ಜಾಗ. ಗೊತ್ತಿಲ್ಲದವರು "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಚಲೋ" ಅಂತ ಅಲ್ಲೇ ಇಳಿಯುತ್ತಾರೆ.

ಅದರಲ್ಲಿ ಸಿಕ್ಕರೆ ದಂಡೆಯ ಕಡೆಗೆ ನೇರವಾಗಿ ಈಜಬೇಡಿ. ಎಷ್ಟೇ ಗಟ್ಟಿಗರಿದ್ದರೂ ಸೋಲುತ್ತೀರಿ. ತೇಲಿಕೊಂಡಿರಿ, ಒಂದು ಕೈ ಎತ್ತಿ ಕೂಗಿ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ. ಆ ಪಟ್ಟಿ ಅಗಲವಿರುವುದಿಲ್ಲ, ದಾಟಿದ ಮೇಲೆ ಅಲೆಗಳೇ ನಿಮ್ಮನ್ನು ದಂಡೆಯ ಕಡೆ ತಳ್ಳುತ್ತವೆ. ಬೇರೆಯವರು ಸಿಕ್ಕಿದ್ದು ಕಂಡರೆ ಹಿಂದೆ ಹಾರಬೇಡಿ. ಟ್ಯೂಬು, ಹಗ್ಗ, ಖಾಲಿ ಕ್ಯಾನು, ತೇಲುವಂಥದ್ದು ಏನಾದರೂ ಎಸೆಯಿರಿ, ಲೈಫ್‌ಗಾರ್ಡ್‌ನನ್ನು ಕೂಗಿ, 112ಕ್ಕೆ ಫೋನ್ ಮಾಡಿ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಶಾಲಾ ಹೆಣ್ಣುಮಕ್ಕಳು ನೀರುಪಾಲಾದರು. ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು. ಆ ಸುದ್ದಿ ಓದಿದ ದಿನದಿಂದ ನಾನು ಮಕ್ಕಳ ಜೊತೆ ನೀರಿಗೆ ಇಳಿದರೆ ಫೋನ್ ಮುಟ್ಟುವುದಿಲ್ಲ.

ನಿಯಮ ಇಷ್ಟೇ: ಲೈಫ್‌ಗಾರ್ಡ್ ಇರುವಲ್ಲಿ ಮಾತ್ರ, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ, ಸೊಂಟಕ್ಕಿಂತ ಕೆಳಗಿನ ನೀರಿನಲ್ಲಿ ಮಾತ್ರ. ಬರೀ ಕೆಂಪು ಬಾವುಟ ಕಂಡರೆ ಆ ದಿನ ಮರಳಲ್ಲಿ ಆಡಿ. ಕತ್ತಲಾದ ಮೇಲೆ ಬೇಡ. ಕುಡಿದವರನ್ನು ಇಳಿಯಲು ಬಿಡಬೇಡಿ, ಮನೆಯ ಅಳಿಯನೇ ಇರಲಿ. ಪಾಚಿ ಕಟ್ಟಿದ ಬಂಡೆಯ ತುದಿಯಲ್ಲಿ ಸೆಲ್ಫಿಯೂ ಬೇಡ.

ಬೆಳಗಿನ ಇಳಿತ

ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟದ ಹೊತ್ತು ಇದು. ಬೆಳಿಗ್ಗೆ ಇಳಿತವಿದ್ದ ದಿನ ಬೇಗ ಎದ್ದು ಬರಿಗಾಲಲ್ಲಿ ಹೊರಡಿ. ನೀರು ಬಿಟ್ಟುಹೋದ ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳುಂಡೆಗಳು ಸಾಲಾಗಿ ಬಿದ್ದಿರುತ್ತವೆ. ನಡುವೆ ಒಂದು ತೂತು, ಅದರಿಂದ ಸೂರ್ಯನ ಕಿರಣದ ಹಾಗೆ ಎಲ್ಲ ಕಡೆ ಸಾಲು. ರಂಗೋಲಿ ಅಂತಲೇ ಅನ್ನಿಸುತ್ತದೆ. ಇದನ್ನು ಮಾಡುವುದು ಉಗುರಿನಷ್ಟು ಸಣ್ಣ ಏಡಿ. ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ತಿನ್ನುವ ಅಂಶ ತೆಗೆದುಕೊಂಡು, ಉಳಿದದ್ದನ್ನು ಉಂಡೆ ಮಾಡಿ ಇಡುತ್ತದೆ. ಅಲುಗಾಡದೆ ಎರಡು ನಿಮಿಷ ಕುಕ್ಕರುಗಾಲಲ್ಲಿ ಕೂತರೆ ಹೊರಗೆ ಬಂದು ಕೆಲಸ ಶುರು ಮಾಡುತ್ತದೆ. ನೆರಳು ಬಿದ್ದರೆ ಮಾಯ. ಮುಂದಿನ ಉಬ್ಬರಕ್ಕೆ ರಂಗೋಲಿ ಅಳಿಸಿ ಹೋಗಿ, ಅದರ ಮುಂದಿನ ಇಳಿತಕ್ಕೆ ಹೊಸದು.

ದಂಡೆಯಲ್ಲಿ ಬಲೆ ಎಳೆಯುತ್ತಿದ್ದರೆ ಕೇಳಿ ಕೈ ಜೋಡಿಸಿ. ನಮ್ಮ ಮಕ್ಕಳು ಹತ್ತು ನಿಮಿಷ ಹಗ್ಗ ಹಿಡಿದು ಎಳೆದರು, ಅಂಗೈ ಕೆಂಪಾಯಿತು. ಕೊನೆಗೆ ಬಲೆಯ ಹೊಟ್ಟೆಯಲ್ಲಿ ಬಂಗುಡೆಗಳು ಬೆಳ್ಳಿಯ ಹಾಗೆ ಮಿಡುಕುವುದನ್ನು ನೋಡಿ ಮಾತೇ ಬರಲಿಲ್ಲ ಅವರಿಗೆ. ದಂಡೆಗೆ ಎಳೆದಿಟ್ಟ ದೋಣಿಯ ಮೇಲೆ ಚಪ್ಪಲಿ ಕಾಲಲ್ಲಿ ಹತ್ತಬೇಡಿ. ನಮ್ಮವರಿಗೆ ಎತ್ತು, ಕೂರಿಗೆ ಹೇಗೋ ಅವರಿಗೆ ದೋಣಿ ಹಾಗೆ.

ಕಾಸರಕೋಡಿನ ಟೊಂಕ ಅನ್ನುವ ಜಾಗದ ಕಡೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬಲೆ ಸುತ್ತಿ ಕಾಪಾಡಿದ ಗೂಡು ಕಂಡರೆ ದೂರದಿಂದ ನೋಡಿ. ರಾತ್ರಿ ದಂಡೆಯಲ್ಲಿ ಟಾರ್ಚ್ ಬಿಟ್ಟರೆ ತಾಯಿ ಆಮೆ ಹಿಂದಿರುಗಿ ಹೋಗಿಬಿಡಬಹುದು.

ಆಟ, ಸ್ಕೂಬಾ, ದೋಣಿ

ಬನಾನಾ ಬೋಟ್, ಜೆಟ್ ಸ್ಕೀ, ಪ್ಯಾರಾಸೇಲಿಂಗ್: ಇವೆಲ್ಲ ಕೆಲವೇ ನಿಮಿಷದ ಮಾತು. ಲೈಫ್ ಜಾಕೆಟಿನ ಬಕಲ್ ಎಲ್ಲವೂ ಹಾಕಿದೆಯಾ ನೋಡಿ, ದರ ಮೊದಲೇ ಮಾತಾಡಿ.

ದುಡ್ಡು ಖರ್ಚು ಮಾಡುವುದೇ ಆದರೆ ಸ್ಕೂಬಾಗೆ ಮಾಡಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ನೀರು ತಿಳಿಯಾಗಿದ್ದು ಹವಳ, ಬಣ್ಣದ ಮೀನುಗಳು ಕಾಣುತ್ತವೆ. ಈಜು ಬರದವರನ್ನೂ ತರಬೇತುದಾರರು ಕೈ ಹಿಡಿದು ಒಳಗೆ ಕರೆದೊಯ್ಯುತ್ತಾರೆ. ಉಬ್ಬಸ, ಹೃದಯದ ತೊಂದರೆ, ಕಿವಿಯ ತೊಂದರೆ, ನೆಗಡಿ ಇದ್ದವರು, ಬಸುರಿಯರು ಇಳಿಯಬಾರದು. ಫಾರ್ಮಿನಲ್ಲಿ ಮುಚ್ಚಿಡದೆ ಬರೆಯಿರಿ. ದೋಣಿಯಲ್ಲಿ ವಾಂತಿಯಾಗುವವರು ಹೊರಡುವ ಮುಂಚೆಯೇ ಮಾತ್ರೆ ತಗೊಳ್ಳಿ, ಅಲೆಯ ನಡುವೆ ಹೋದ ಮೇಲೆ ತಗೊಂಡರೆ ಉಪಯೋಗವಿಲ್ಲ. ಇನ್ನೊಂದು ಮಾತು ನಮ್ಮಂಥ ದೂರದವರಿಗೆ: ಡೈವ್ ಮಾಡಿದ ದಿನವೇ ಊರಿಗೆ ಹೊರಟು ಘಟ್ಟ ಹತ್ತಬೇಡಿ. ನೀರಿನ ಒತ್ತಡದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಮೈಯಲ್ಲಿ ಗುಳ್ಳೆಯಾಗಬಹುದು. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಒಂದು ರಾತ್ರಿ ಕೆಳಗೇ ಉಳಿಯಿರಿ.

ನೀರಿಗೆ ಹೆದರುವ ಹಿರಿಯರಿಗೆ ಹೊನ್ನಾವರದ ಶರಾವತಿಯಲ್ಲಿ ದೋಣಿ ವಿಹಾರ. ಕಾಂಡ್ಲಾ ಕಾಡಿನ ನಡುವೆ ಮರದ ಕಾಲುದಾರಿಯೂ ಇದೆ. ಉಪ್ಪುನೀರಿನಲ್ಲಿ ಬೇರು ಮೇಲೆತ್ತಿ ನಿಂತ ಗಿಡಗಳನ್ನು ಆಯಿ ಬಹಳ ಹೊತ್ತು ನೋಡಿದಳು.

ಮಧ್ಯಾಹ್ನ ಮತ್ತು ಊಟ

ಹನ್ನೊಂದರಿಂದ ನಾಲ್ಕರವರೆಗೆ ದಂಡೆ ಬೇಡ. ಮಲಗಿ, ಅಥವಾ ಗಾಡಿ ತಗೊಂಡು ಒಳನಾಡಿನ ಕಡೆ ಹೋಗಿ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ನೋಡಿ ಬೀದರಿನವರು "ಇದು ನಮ್ಮ ಕಲ್ಲು" ಅನ್ನುತ್ತೀರಿ. ಬೀದರ್ ಕೋಟೆಯಲ್ಲಿರುವ ಅದೇ ಕೆಂಪು ಜಂಬಿಟ್ಟಿಗೆ. ಗೋಕರ್ಣದ ಪಕ್ಕ ಸಾಣಿಕಟ್ಟಾದಲ್ಲಿ ಬೇಸಿಗೆ ಹತ್ತಿರವಾದಂತೆ ಉಪ್ಪು ಬೆಳೆಯುವ ಗದ್ದೆಗಳು. ಕಡಲ ನೀರು ಕಟ್ಟಿ ಬಿಸಿಲಿಗೆ ಬಿಟ್ಟು ಬಿಳಿ ಹರಳು ಎಳೆಯುವುದನ್ನು ಮಕ್ಕಳಿಗೆ ತೋರಿಸಿ. ಕಲಬುರಗಿಯವರು ಮಕ್ಕಳಿಗೆ ಇನ್ನೊಂದು ಮಾತೂ ಹೇಳಬಹುದು. ನಮ್ಮ ಮನೆಯ ನೆಲದ ಶಹಾಬಾದ ಪರಸಿ ಕೋಟಿಗಟ್ಟಲೆ ವರ್ಷದ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕಲ್ಲು. ಭೀಮಾ ತೀರ ಒಮ್ಮೆ ಕಡಲೇ ಆಗಿತ್ತು.

ಮೀನು ತಿನ್ನುವವರು ಹೋಟೆಲಿನಲ್ಲಿ "ಇವತ್ತು ಯಾವುದು ಬಂದಿದೆ?" ಅಂತ ಕೇಳಿ, ಮೆನು ನೋಡಿ ಹೇಳಬೇಡಿ. ರವೆ ಹಚ್ಚಿ ಹುರಿದ ಬಂಗುಡೆ, ಜೊತೆಗೆ ಕುಚಲಕ್ಕಿ ಅನ್ನ. ಮುಳ್ಳಿನ ಅಭ್ಯಾಸ ಇಲ್ಲದ ಮಕ್ಕಳಿಗೆ ಸಿಗಡಿ. ಸಸ್ಯಾಹಾರಿಗಳು ಹೆದರಬೇಡಿ, ತಂಬುಳಿ, ಅಪ್ಪೆಹುಳಿ, ಪತ್ರೊಡೆ ಸಿಕ್ಕರೆ ಬಿಡಬೇಡಿ. ಮುರುಗಲು ಹಣ್ಣಿನ ಶರಬತ್ತು ಸೆಕೆಗೆ ಮದ್ದು. ನಮ್ಮ ನಾಲಿಗೆಗೆ ಅಲ್ಲಿನ ಅಡಿಗೆ ಖಾರ ಕಡಿಮೆ, ಕೊಬ್ಬರಿ ಜಾಸ್ತಿ. ಎರಡನೇ ದಿನಕ್ಕೆ ಹೊಂದಿಕೊಳ್ಳುತ್ತದೆ.

ಹೊರಡುವ ದಿನ

ಕೊನೆಯ ಬೆಳಿಗ್ಗೆ ಇನ್ನೊಂದು ಸಲ ದಂಡೆಗೆ ಹೋಗಿ ಬನ್ನಿ, ಆದರೆ ನೀರಿಗಿಳಿಯಬೇಡಿ. ಒದ್ದೆ ಬಟ್ಟೆ ಚೀಲದಲ್ಲಿ ತುಂಬಿಕೊಂಡು 500 ಕಿಲೋಮೀಟರ್ ಬಂದರೆ ಇಡೀ ಗಾಡಿ ನಾರುತ್ತದೆ. ಶಂಖ, ಚಿಪ್ಪು ಹೆಕ್ಕಿದ್ದರೆ ಒಳಗೆ ಜೀವ ಇದೆಯಾ ನೋಡಿ. ಕಾಲು ಹೊರಗೆ ಹಾಕುವುದು ಕಂಡರೆ ನೀರಿಗೇ ಬಿಡಿ. ನೀವು ತಂದ ಪ್ಲಾಸ್ಟಿಕ್ ಬಾಟಲಿ, ಕುರುಕಲು ಪೊಟ್ಟಣ ಎಲ್ಲ ವಾಪಸ್ ತನ್ನಿ.

ಊರಿಗೆ ಒಯ್ಯಲು ಒಣಗಿದ ಮುರುಗಲು ಸಿಪ್ಪೆ, ಉತ್ತರ ಕನ್ನಡದ ಸಿಹಿತಿಂಡಿ ತೊಡದೇವು. ತೊಡದೇವು ಕಾಗದಕ್ಕಿಂತ ತೆಳು, ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ. ಒಣಮೀನು ಒಯ್ಯುವವರು ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ.

ಮನೆಗೆ ಬಂದ ಮಾರನೇ ದಿನವೇ ಕಾರಿನ ತಳಕ್ಕೆ, ಚಕ್ರದ ಒಳಗೆ ಸಿಹಿನೀರು ಹೊಡೆಸಿ. ಉಪ್ಪು ಗಾಳಿಯ ತುಕ್ಕು ತಡವಾಗಿ ಕಾಣುತ್ತದೆ. ಚಪ್ಪಲಿ, ಚೀಲದ ಜಿಪ್ಪು, ಕನ್ನಡಕದ ಸ್ಕ್ರೂ ಕೂಡ ತೊಳೆಯಿರಿ. ಚೀಲಗಳನ್ನು ಅಂಗಳದಲ್ಲಿ ಕೊಡವಿ, ಇಲ್ಲದಿದ್ದರೆ ವಾರಗಟ್ಟಲೆ ಪರಸಿಯ ಮೇಲೆ ಕಾಲಿಗೆ ಮರಳು ಚುಚ್ಚುತ್ತಿರುತ್ತದೆ.